ಓದುಗರ ಪ್ರಶ್ನೆ, ನಮ್ಮ ಉತ್ತರ: ಸಿಗಡಿಗಳಿಗಾಗಿ ಒಂದು ಪುಟ್ಟ ಸವಳುನೀರಿನ ತೊಟ್ಟಿ

ಮನೆಯ ಅಕ್ವೇರಿಯಂ ಕುರಿತ ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಹೆಚ್ಚಿನವು ಸಿಹಿನೀರಿನ ಮೀನುಗಳ ಬಗ್ಗೆ ಇರುತ್ತವೆ. ಈ ಬಾರಿ ಬೇರೆ ಬೇರೆ ಊರುಗಳ ನಾಲ್ವರು ಓದುಗರು ಸಿಗಡಿಯ ಬಗ್ಗೆ, ಅದರಲ್ಲೂ ಉಪ್ಪು ಬೆರೆತ ನೀರಿನ ಬಗ್ಗೆ ಕೇಳಿರುವುದರಿಂದ, ಇಡೀ ಅಂಕಣವನ್ನು ಅದಕ್ಕೇ ಮೀಸಲಿಟ್ಟಿದ್ದೇನೆ. ಸಮುದ್ರದ ಒಂದು ಲೀಟರ್ ನೀರಿನಲ್ಲಿ ಸುಮಾರು 35 ಗ್ರಾಂ ಲವಣ ಕರಗಿರುತ್ತದೆ. ಅದಕ್ಕಿಂತ ಕಡಿಮೆ ಉಪ್ಪಿನ, ಆದರೆ ಸಿಹಿನೀರು ಎನ್ನಲಾಗದ ನೀರನ್ನು ಇಲ್ಲಿ ಸವಳುನೀರು ಎಂದು ಕರೆದಿದ್ದೇನೆ.

ಪ್ರಶ್ನೆ: ನನ್ನ ಒಂಬತ್ತು ವರ್ಷದ ಮಗಳಿಗೆ ಹವಾಯಿಯ ಪುಟ್ಟ ಕೆಂಪು ಸಿಗಡಿಗಳನ್ನು ಸಾಕುವ ಆಸೆ. ಮಾರುವವರು ‘ಇವಕ್ಕೆ ಏನೂ ಬೇಕಿಲ್ಲ, ಜಾಡಿಯಲ್ಲಿ ಹಾಕಿಟ್ಟರೆ ಸಾಕು’ ಎನ್ನುತ್ತಾರೆ. ಇದು ನಿಜವೇ? ಸರಿಯಾದ ತೊಟ್ಟಿಯನ್ನು ಹೇಗೆ ಸಿದ್ಧಪಡಿಸಬೇಕು?
ಒಬ್ಬ ತಂದೆ, ಫ್ರೀಮಾಂಟ್, ಕ್ಯಾಲಿಫೋರ್ನಿಯಾ

ಉತ್ತರ: ಈ ಸಿಗಡಿಗಳಿಗೆ ದಿನನಿತ್ಯದ ಆರೈಕೆ ತೀರಾ ಕಡಿಮೆ ಎಂಬುದು ನಿಜ. ಆದರೆ ಅವು ಬರುವ ಮೊದಲು ಅವುಗಳ ನೀರಿಗೆ ಒಂದೆರಡು ತಿಂಗಳ ಆರೈಕೆ ಬೇಕು ಎಂಬುದನ್ನು ಮಾರುವವರು ಹೇಳುವುದಿಲ್ಲ. ನಿಮ್ಮ ಮಗಳಿಗೆ ಈಗಲೇ ತಿಳಿಸಿ, ಮೊದಲು ನಾವು ಸಾಕಬೇಕಾದದ್ದು ನೀರನ್ನು, ಸಿಗಡಿ ಆಮೇಲೆ.

ಹವಾಯಿಯವರು ಇದನ್ನು ಓಪಾಯ್ ಉಲ ಎನ್ನುತ್ತಾರೆ. ಓಪಾಯ್ ಎಂದರೆ ಸಿಗಡಿ, ಉಲ ಎಂದರೆ ಕೆಂಪು. ಹ್ಯಾಲೋಕ್ಯಾರಿಡಿನಾ ರೂಬ್ರಾ ಎಂಬ ಶಾಸ್ತ್ರೀಯ ಹೆಸರನ್ನು ಇದಕ್ಕೆ 1963ರಲ್ಲಿ ಕೊಟ್ಟವರು ನೆದರ್ಲೆಂಡ್ಸಿನ ಪ್ರಾಣಿವಿಜ್ಞಾನಿ ಲಿಪ್ಕೆ ಹೋಲ್ಥೌಸ್. ಪೂರ್ತಿ ಬೆಳೆದರೂ ಒಂದೂವರೆ ಸೆಂಟಿಮೀಟರ್ ದಾಟದ ಈ ಜೀವಿ ಹವಾಯಿ ದ್ವೀಪಗಳನ್ನು ಬಿಟ್ಟರೆ ಲೋಕದಲ್ಲಿ ಬೇರೆಲ್ಲೂ ಸಹಜವಾಗಿ ಕಾಣಸಿಗುವುದಿಲ್ಲ. ಅದರ ಮನೆ ಸಮುದ್ರವೂ ಅಲ್ಲ, ನದಿಯೂ ಅಲ್ಲ. ಜ್ವಾಲಾಮುಖಿಯ ಲಾವಾ ಹೆಪ್ಪುಗಟ್ಟಿ ಆದ ಕಡಲಂಚಿನ ಬಂಡೆಗಳ ನಡುವೆ ಸಣ್ಣ ಸಣ್ಣ ಕೊಳಗಳಿವೆ. ಮೇಲಿನಿಂದ ನೋಡಿದರೆ ಅವಕ್ಕೂ ಸಮುದ್ರಕ್ಕೂ ಸಂಬಂಧವೇ ಇಲ್ಲ. ಆದರೆ ಬಂಡೆಯ ಬಿರುಕುಗಳ ಮೂಲಕ ಅಡಿಯಿಂದ ಸಮುದ್ರದ ನೀರೂ ಬೆಟ್ಟದ ಕಡೆಯಿಂದ ಇಳಿದುಬರುವ ಸಿಹಿನೀರೂ ಅಲ್ಲಿ ಕೂಡುತ್ತವೆ, ಉಬ್ಬರ ಇಳಿತಕ್ಕೆ ತಕ್ಕಂತೆ ಕೊಳದ ನೀರೂ ಏರಿಳಿಯುತ್ತದೆ. ಹೀಗೆ ಉಪ್ಪು ಕೊಳದಿಂದ ಕೊಳಕ್ಕೆ ಬದಲಾಗುವ ನೆಲೆಯಲ್ಲಿ ಬಾಳಿದ್ದರಿಂದಲೇ ಈ ಸಿಗಡಿ ಬಹುತೇಕ ಸಿಹಿನೀರಿನಿಂದ ಹಿಡಿದು ಸಮುದ್ರದಷ್ಟೇ ಉಪ್ಪಾದ ನೀರಿನವರೆಗೂ ತಾಳಿಕೊಳ್ಳುತ್ತದೆ. ತಾಳಿಕೊಳ್ಳುವುದನ್ನೇ ಸುಖವೆಂದು ತಪ್ಪಾಗಿ ಓದಿದವರು ‘ಏನೂ ಬೇಕಿಲ್ಲ’ ಎನ್ನುತ್ತಾರೆ.

ಜಾಡಿ ಬೇಡ, ಹತ್ತರಿಂದ ಇಪ್ಪತ್ತು ಲೀಟರ್ ಹಿಡಿಯುವ ಗಾಜಿನ ತೊಟ್ಟಿ ಇರಲಿ. ನೀರು ಹೆಚ್ಚಿದ್ದಷ್ಟೂ ಉಪ್ಪು ಮತ್ತು ಉಷ್ಣತೆ ನಿಧಾನವಾಗಿ ಬದಲಾಗುತ್ತವೆ, ಆ ನಿಧಾನವೇ ಸಿಗಡಿಗೆ ರಕ್ಷಣೆ. ಅನೇಕ ಊರುಗಳಲ್ಲಿ ನಲ್ಲಿನೀರಿಗೆ ಕ್ಲೋರಿನ್ ಬದಲು ಕ್ಲೋರಮಿನ್ ಬೆರೆಸುತ್ತಾರೆ, ಅದು ಒಂದು ರಾತ್ರಿ ತೆರೆದಿಟ್ಟರೆ ಹಾರಿಹೋಗುವಂಥದ್ದಲ್ಲ. ಆದ್ದರಿಂದ ಆರ್‌ಓ ನೀರನ್ನೋ ಡಿಸ್ಟಿಲ್ಡ್ ನೀರನ್ನೋ ಬಳಸಿ. ಸಮುದ್ರದ ಅಕ್ವೇರಿಯಂಗಳಿಗೆಂದೇ ಮಾರುವ ಉಪ್ಪಿನ ಪುಡಿಯನ್ನು ಲೀಟರಿಗೆ ಸುಮಾರು 17 ಗ್ರಾಂನಂತೆ ಬೇರೊಂದು ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಕದಡಿ, ಒಂದು ದಿನ ಬಿಟ್ಟು ಅಳೆಯಿರಿ. ಪುಡಿಯಲ್ಲಿ ಸ್ವಲ್ಪ ತೇವಾಂಶ ಇರುವುದರಿಂದ ಲೀಟರಿಗೆ 15 ಗ್ರಾಂನ ಆಸುಪಾಸಿಗೆ ಬರುತ್ತದೆ. ನೀರಿನ ಸಾಪೇಕ್ಷ ಸಾಂದ್ರತೆ (ಶುದ್ಧ ನೀರಿನದನ್ನು 1 ಎಂದಿಟ್ಟುಕೊಂಡರೆ) 1.010ರಿಂದ 1.012ರ ನಡುವೆ ಇದ್ದರೆ ಸರಿಯಾಗಿದೆ ಎಂದು ತಿಳಿಯಿರಿ. ಅಳೆಯಲು ಮುಳ್ಳು ಅಲುಗಾಡುವ ಅಗ್ಗದ ಹೈಡ್ರೋಮೀಟರಿಗಿಂತ, ಒಂದು ಹನಿ ನೀರಿನಲ್ಲಿ ಬೆಳಕು ಬಾಗುವುದರಿಂದ ಉಪ್ಪನ್ನು ಅಳೆಯುವ ರಿಫ್ರ್ಯಾಕ್ಟೋಮೀಟರ್ ಒಳ್ಳೆಯದು. ಮೊದಲು ಶುದ್ಧ ನೀರಿನ ಒಂದು ಹನಿ ಹಾಕಿ ಅದು ಸೊನ್ನೆ ತೋರಿಸುತ್ತದೆಯೇ ಎಂದು ನೋಡಿಕೊಳ್ಳಿ.

ತಳಕ್ಕೆ ಒಂದೆರಡು ಸೆಂಟಿಮೀಟರ್ ಅರಗೊನೈಟ್ ಮರಳು ಅಥವಾ ಹವಳದ ಪುಡಿ ಹಾಕಿ. ಅವು ಸುಣ್ಣದ ಅಂಶವನ್ನು ಮೆಲ್ಲಗೆ ಬಿಟ್ಟುಕೊಡುತ್ತ ನೀರು ಹುಳಿಯಾಗದಂತೆ ಕಾಯುತ್ತವೆ. ಅದರ ಮೇಲೆ ರಂಧ್ರಗಳುಳ್ಳ ಲಾವಾ ಕಲ್ಲುಗಳನ್ನು ಒಳಗೆ ಕತ್ತಲೆಯ ಪೊಟರೆ ಉಳಿಯುವಂತೆ ಜೋಡಿಸಿ. ಇದು ಅಂದಕ್ಕಾಗಿ ಅಲ್ಲ. ಸಹಜ ಕೊಳಗಳಲ್ಲಿ ಈ ಸಿಗಡಿಗಳು ಬಂಡೆಯ ಬಿರುಕಿನೊಳಗೆ, ನೆಲದಡಿಯ ನೀರಿಗೆ ಹೋಗಿ ಬಂದು ಮಾಡುತ್ತವೆ. ಮೊಟ್ಟೆ ಹೊತ್ತ ತಾಯಿಯಂತೂ ವಾರಗಟ್ಟಲೆ ಕತ್ತಲೆ ಬಿಟ್ಟು ಹೊರಗೆ ಬರುವುದಿಲ್ಲ. ಅದು ಹೊರುವುದು ಸುಮಾರು ಒಂದು ಡಜನ್ ದೊಡ್ಡ ಮೊಟ್ಟೆಗಳನ್ನು ಮಾತ್ರ, ಅದೂ ಐದು ವಾರಗಳಿಗೂ ಹೆಚ್ಚು ಕಾಲ. ಅಡಗುವ ಜಾಗವಿಲ್ಲದ ತೊಟ್ಟಿಯಲ್ಲಿ ಸಿಗಡಿ ಬದುಕೀತು, ಆದರೆ ಮರಿಗಳನ್ನು ನೀವು ನಿರೀಕ್ಷಿಸುವಂತಿಲ್ಲ. ಮೋಟಾರಿನ ಫಿಲ್ಟರ್ ಹಾಕಬೇಡಿ, ತೇಲುವ ಮರಿಗಳನ್ನು ಅದು ಒಳಗೆಳೆದುಕೊಳ್ಳುತ್ತದೆ. ಸಿಗಡಿಗಳ ಸಂಖ್ಯೆ ಕಡಿಮೆ ಇದ್ದರೆ ಗಾಳಿಯ ಪಂಪೂ ಬೇಕಾಗುವುದಿಲ್ಲ.

ಈಗ ಕಾಯುವ ಕೆಲಸ. ಜೀವಿಗಳ ಮಲದಿಂದಲೂ ಕೊಳೆತ ಆಹಾರದಿಂದಲೂ ಅಮೋನಿಯಾ ಹುಟ್ಟುತ್ತದೆ. ಅದನ್ನು ಒಂದು ಬಗೆಯ ಬ್ಯಾಕ್ಟೀರಿಯಾ ನೈಟ್ರೈಟ್ ಆಗಿಯೂ ಇನ್ನೊಂದು ಬಗೆಯವು ಆ ನೈಟ್ರೈಟನ್ನು ಅಷ್ಟು ಅಪಾಯವಿಲ್ಲದ ನೈಟ್ರೇಟ್ ಆಗಿಯೂ ಮಾರ್ಪಡಿಸುತ್ತವೆ. ಹೊಸ ನೀರಿನಲ್ಲಿ ಈ ಬ್ಯಾಕ್ಟೀರಿಯಾಗಳು ಇರುವುದಿಲ್ಲ. ಚಿಟಿಕೆ ಮೀನಿನ ಆಹಾರ ಹಾಕಿ, ನೇರ ಬಿಸಿಲು ಬೀಳದ ಜಾಗದಲ್ಲಿಟ್ಟು, ದಿನಕ್ಕೆ ಎಂಟು ಹತ್ತು ಗಂಟೆ ಎಲ್‌ಇಡಿ ಬೆಳಕು ಕೊಡುತ್ತ ಆರರಿಂದ ಎಂಟು ವಾರ ಕಾಯಿರಿ. ಸಾಮಾನ್ಯವಾಗಿ ಮೊದಲು ಕಂದು ಬಣ್ಣದ ತೆಳು ಪೊರೆ ಕಲ್ಲುಗಳ ಮೇಲೆ ಕಾಣಿಸಿಕೊಂಡು, ಅನಂತರ ಅದು ಹಸಿರಾಗುತ್ತದೆ. ಅನೇಕರು ಅದನ್ನು ಕೊಳೆ ಎಂದು ಉಜ್ಜಿ ತೆಗೆದುಬಿಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ, ನಿಮ್ಮ ಸಿಗಡಿಗಳ ಊಟ ಅದೇ. ಟೆಸ್ಟ್ ಕಿಟ್‌ನಲ್ಲಿ ಅಮೋನಿಯಾ ಮತ್ತು ನೈಟ್ರೈಟ್ ಎರಡೂ ಸೊನ್ನೆ ತೋರಿಸುವವರೆಗೆ ಸಿಗಡಿಗಳನ್ನು ತರಬೇಡಿ.

ಅವು ಮನೆಗೆ ಬಂದ ದಿನ ಬಿಳಿಚಿಕೊಂಡಿದ್ದರೆ ಗಾಬರಿಯಾಗಬೇಡಿ, ಪ್ರಯಾಣದ ಒತ್ತಡದಲ್ಲಿ ಕೆಂಪು ಕುಂದುತ್ತದೆ. ಬಂದ ನೀರಿನ ಸಮೇತ ಒಂದು ಬಟ್ಟಲಿಗೆ ಸುರಿದು, ಗಂಟು ಹಾಕಿದ ಸಣ್ಣ ನಳಿಕೆಯ ಮೂಲಕ ನಿಮ್ಮ ತೊಟ್ಟಿಯ ನೀರನ್ನು ಹನಿಹನಿಯಾಗಿ ಬಿಡುತ್ತ ಎರಡು ಗಂಟೆ ಕಳೆಯಲಿ. ಆಮೇಲೆ ಮೃದುವಾದ ಬಲೆಯಿಂದ ಅವನ್ನಷ್ಟೇ ತೊಟ್ಟಿಗೆ ದಾಟಿಸಿ. ಮೊದಲ ಸಲ ಹತ್ತು ಸಾಕು. ಒಂದೆರಡು ದಿನಗಳಲ್ಲಿ ಬಣ್ಣ ಮರಳಿದ ಮೇಲೆ ಮಗಳ ಕೈಗೆ ಒಂದು ಭೂತಗನ್ನಡಿ ಕೊಡಿ. ಮುಂಗಾಲುಗಳ ತುದಿಯ ಚಿಕ್ಕ ಚಿಮಟಗಳಲ್ಲಿ ಕುಂಚದಂಥ ಕೂದಲ ಗೊಂಚಲುಗಳಿರುವುದು ಕಾಣಿಸುತ್ತದೆ. ಸಿಗಡಿ ಕಲ್ಲನ್ನು ಒಂದು ಕೈಯಿಂದ ಗುಡಿಸಿ ಅದನ್ನು ಬಾಯಿಗೆ ಒಯ್ಯುವಷ್ಟರಲ್ಲಿ ಇನ್ನೊಂದು ಕೈ ಗುಡಿಸಲು ಶುರುಮಾಡಿರುತ್ತದೆ, ಆ ಕೈಗಳು ಬಿಡುವು ಪಡೆಯುವುದನ್ನು ಇಷ್ಟು ವರ್ಷಗಳಲ್ಲಿ ನಾನು ಕಂಡದ್ದೇ ಅಪರೂಪ. ಎಂದಾದರೂ ತಳದಲ್ಲಿ ಗಾಜಿನಂತೆ ಪಾರದರ್ಶಕವಾದ ಸತ್ತ ಸಿಗಡಿಯೊಂದು ಬಿದ್ದಂತೆ ಕಂಡರೆ ಅದು ಕಳಚಿಟ್ಟ ಹಳೆಯ ಕವಚವಷ್ಟೇ, ತೆಗೆಯದೆ ಬಿಡಿ.

ಮೊದಲ ಎರಡು ಮೂರು ತಿಂಗಳು ಆಹಾರ ಹಾಕುವುದೇ ಬೇಡ. ಬಳಿಕ ಹದಿನೈದು ದಿನಕ್ಕೊಮ್ಮೆ, ಹಲ್ಲುಕಡ್ಡಿಯ ತುದಿಗೆ ಅಂಟುವಷ್ಟು ಸ್ಪಿರುಲಿನಾ ಪುಡಿ ಸಾಕು.

ಎಲ್ಲಕ್ಕಿಂತ ಮುಖ್ಯವಾದ ಮಾತೊಂದು ಉಳಿದಿದೆ. ತೊಟ್ಟಿಯಿಂದ ಆವಿಯಾಗುವುದು ನೀರು ಮಾತ್ರ, ಉಪ್ಪು ಅಲ್ಲೇ ಉಳಿಯುತ್ತದೆ. 15 ಲೀಟರ್ ನೀರಿನಲ್ಲಿ 225 ಗ್ರಾಂ ಉಪ್ಪಿದೆ ಎಂದುಕೊಳ್ಳಿ. ಮೂರು ಲೀಟರ್ ಆರಿಹೋದಾಗ ಅದರ ಜಾಗಕ್ಕೆ ನೀವು ಮತ್ತೆ ಅದೇ ಹದದ ಉಪ್ಪುನೀರನ್ನೇ ತುಂಬಿದರೆ ಇನ್ನೂ 45 ಗ್ರಾಂ ಉಪ್ಪು ಸೇರಿದಂತಾಯಿತು. ಹೀಗೆ ಐದು ಸಲ ಮಾಡಿದರೆ ಒಟ್ಟು ಉಪ್ಪು 450 ಗ್ರಾಂ ಆಗಿ, ಲೀಟರಿಗೆ 15 ಗ್ರಾಂ ಇದ್ದದ್ದು 30ಕ್ಕೆ ಏರಿರುತ್ತದೆ. ಆದ್ದರಿಂದ ಮೊದಲ ದಿನವೇ ಗಾಜಿನ ಹೊರಗೆ ನೀರಿನ ಮಟ್ಟಕ್ಕೆ ಒಂದು ಗೆರೆ ಎಳೆಯಿರಿ. ಮಟ್ಟ ಇಳಿದಾಗ ಆ ಗೆರೆಯವರೆಗೆ ಉಪ್ಪಿಲ್ಲದ ಆರ್‌ಓ ನೀರನ್ನಷ್ಟೇ ನಿಧಾನವಾಗಿ ಸುರಿಯಿರಿ. ಮೇಲೊಂದು ಗಾಜಿನ ಹಲಗೆಯನ್ನು ಬಿಗಿಯಾಗದಂತೆ ಮುಚ್ಚಿಟ್ಟರೆ ನೀರು ಆರುವುದೂ ಕಡಿಮೆಯಾಗುತ್ತದೆ.

ಕೊನೆಯದಾಗಿ, ಸಿಗಡಿಗಳನ್ನು ತೊಟ್ಟಿಯಲ್ಲೇ ಮರಿ ಮಾಡಿಸಿದವರಿಂದ ಕೊಳ್ಳಿ. ಹವಾಯಿಯ ಕೊಳಗಳು ಹೊರಗಿನಿಂದ ತಂದುಬಿಟ್ಟ ತಿಲಾಪಿಯಾ, ಗಪ್ಪಿಗಳಂಥ ಮೀನುಗಳಿಂದಲೂ ಕಡಲಂಚಿನ ಕಟ್ಟಡಗಳಿಂದಲೂ ಈಗಾಗಲೇ ನಲುಗಿವೆ. ಮಾವಿ ದ್ವೀಪದ ಆಹಿಹಿ ಕಿನಾವು ಪ್ರದೇಶವನ್ನು 1973ರಲ್ಲಿಯೇ ಸಂರಕ್ಷಿತವೆಂದು ಘೋಷಿಸಿ ಅಲ್ಲಿನ ಕೊಳಗಳನ್ನು ಕಾಯುತ್ತಿದ್ದಾರೆ. ಚೆನ್ನಾಗಿ ಇಟ್ಟರೆ ಇವು ಹತ್ತು ವರ್ಷ ಮೀರಿ, ಇಪ್ಪತ್ತು ವರ್ಷದವರೆಗೂ ಬದುಕಿದ ಉದಾಹರಣೆಗಳಿವೆ. ಮಗಳು ಕಾಲೇಜು ಮುಗಿಸುವ ಹೊತ್ತಿಗೂ ಇವು ನಿಮ್ಮ ಮನೆಯಲ್ಲಿ ಇರಬಹುದೆಂಬುದನ್ನು ಯೋಚಿಸಿಯೇ ತನ್ನಿ.

ಪ್ರಶ್ನೆ: ನಮ್ಮ ಅಘನಾಶಿನಿ ಅಳಿವೆಯ ಗಜನಿಗಳಲ್ಲಿ (ಉಪ್ಪುನೀರು ಬರುವ ತಗ್ಗು ಗದ್ದೆಗಳಲ್ಲಿ) ಸಣ್ಣ ಶೆಟ್ಲಿಗಳು, ಅಂದರೆ ಸಿಗಡಿಗಳು, ಸಿಗುತ್ತವೆ. ಅವನ್ನೇ ಎರಡು ಅಡಿಯ ತೊಟ್ಟಿಯಲ್ಲಿ ಸಾಕಬಹುದೇ? ಸಾಣಿಕಟ್ಟೆಯ ಉಪ್ಪು ಹತ್ತಿರದಲ್ಲೇ ಸಿಗುವುದರಿಂದ ನೀರಿಗೆ ಅದನ್ನೇ ಹಾಕಬಹುದೇ?
ಓದುಗರೊಬ್ಬರು, ಕುಮಟಾ

ಉತ್ತರ: ಮೊದಲು ಉಪ್ಪಿನ ವಿಷಯ. ಸಾಣಿಕಟ್ಟೆಯ ಉಪ್ಪು ಸಮುದ್ರದ ನೀರಿನಿಂದಲೇ ಬಂದದ್ದು, ಆದರೂ ಅದನ್ನು ಮತ್ತೆ ನೀರಿಗೆ ಹಾಕಿದರೆ ಸಮುದ್ರದ ನೀರು ತಯಾರಾಗುವುದಿಲ್ಲ. ಉಪ್ಪಿನಾಗರದಲ್ಲಿ ನೀರು ಬಿಸಿಲಿಗೆ ಆರುತ್ತ ಬಂದಂತೆ ಸುಣ್ಣದ ಅಂಶ ಮತ್ತು ಜಿಪ್ಸಂ ಮೊದಲು ಹರಳುಗಟ್ಟಿ ತಳಕ್ಕಿಳಿಯುತ್ತವೆ, ಅನಂತರ ನಾವು ಬಾಚುವ ಅಡುಗೆ ಉಪ್ಪು ಹರಳಾಗುತ್ತದೆ, ಮೆಗ್ನೀಷಿಯಂ ಲವಣಗಳು ಕೊನೆಯಲ್ಲಿ ಉಳಿಯುವ ಕಹಿನೀರಿನಲ್ಲೇ ನಿಂತುಬಿಡುತ್ತವೆ. ಹೀಗಾಗಿ ಉಪ್ಪಿನ ಹರಳಿಗೆ ಸಮುದ್ರದ ಕ್ಯಾಲ್ಸಿಯಮ್ಮೂ ಮೆಗ್ನೀಷಿಯಮ್ಮೂ ಸೇರುವುದು ಬಹಳ ಕಡಿಮೆ. ಸಿಗಡಿ ಹಳೆಯ ಕವಚವನ್ನು ಕಳಚಿ ಹೊಸದನ್ನು ಗಟ್ಟಿಮಾಡಿಕೊಳ್ಳಲು ಅವೇ ಬೇಕು. ಅಂಗಡಿಯ ಅಯೋಡಿನ್ ಉಪ್ಪಿಗೂ ಇದೇ ಕೊರತೆ ಇದೆ, ಸಾಲದ್ದಕ್ಕೆ ಅದು ಗಡ್ಡೆಕಟ್ಟದಂತೆ ಬೇರೆ ರಾಸಾಯನಿಕವನ್ನೂ ಬೆರೆಸಿರುತ್ತಾರೆ.

ಆದರೆ ನಿಮಗೆ ಉಪ್ಪು ಕೊಳ್ಳುವ ಅಗತ್ಯವೇ ಇಲ್ಲ, ಕಡಲೇ ಪಕ್ಕದಲ್ಲಿದೆ. ಮಳೆಗಾಲ ಮುಗಿದು ನೀರು ತಿಳಿಯಾದ ತಿಂಗಳುಗಳಲ್ಲಿ, ಬಂದರಿನಿಂದಲೂ ನದಿಯ ಬಾಯಿಯಿಂದಲೂ ದೂರದ ತೀರದಲ್ಲಿ, ತುಂಬು ಉಬ್ಬರದ ಹೊತ್ತಿಗೆ ನೀರು ತುಂಬಿಸಿಕೊಳ್ಳಿ. ದೋಣಿಗಳ ಡೀಸೆಲ್ ಎಣ್ಣೆಯ ಪೊರೆ ಕಂಡ ಕಡೆ ಬೇಡ. ದಪ್ಪ ಬಟ್ಟೆಯಲ್ಲಿ ಸೋಸಿ, ಮುಚ್ಚಿದ ಕ್ಯಾನುಗಳಲ್ಲಿ ಎರಡು ವಾರ ಕತ್ತಲೆಯಲ್ಲಿಟ್ಟು, ಅಡಿಯ ಗಸಿ ಕದಡದಂತೆ ಮೇಲಿನ ನೀರನ್ನು ತೆಗೆದು, ಅಷ್ಟೇ ಪ್ರಮಾಣದ ಆರ್‌ಓ ನೀರು ಬೆರೆಸಿದರೆ ಬೇಕಾದ ಹದಕ್ಕೆ ಬರುತ್ತದೆ. ಅಳೆಯದೆ ಬಳಸಬೇಡಿ.

ಇನ್ನು ಶೆಟ್ಲಿ. ಗಜನಿಯಲ್ಲಿ ನಿಮಗೆ ಸಿಗುವವುಗಳಲ್ಲಿ ಹೆಚ್ಚಿನವು ಬಿಳಿ ಸಿಗಡಿ, ಹುಲಿ ಸಿಗಡಿಗಳಂಥ ಕಡಲ ಸಿಗಡಿಗಳ ಮರಿಗಳು. ಇವುಗಳ ತಾಯಂದಿರು ಮೊಟ್ಟೆಯಿಡುವುದು ಸಮುದ್ರದಲ್ಲಿ. ಮರಿಗಳು ಉಬ್ಬರದ ಜೊತೆ ಅಳಿವೆಗೆ ಬಂದು, ಕೆಲವು ತಿಂಗಳು ಮೇದು ಬೆಳೆದು, ಮತ್ತೆ ಕಡಲಿಗೆ ಮರಳುತ್ತವೆ. ಹುಲಿ ಸಿಗಡಿ ಒಂದಡಿಯವರೆಗೂ ಬೆಳೆಯಬಲ್ಲದು, ಹಗಲು ಮರಳಿನಲ್ಲಿ ಹೂತುಕೊಂಡಿದ್ದು ರಾತ್ರಿ ಓಡಾಡುತ್ತದೆ, ಹಾರಿ ಹೊರಗೆ ಬೀಳುತ್ತದೆ, ಕವಚ ಕಳಚಿ ಮೆತ್ತಗಾದ ತನ್ನ ಜೊತೆಯದನ್ನೇ ತಿನ್ನುತ್ತದೆ. ಎರಡು ಅಡಿಯ ತೊಟ್ಟಿ ಅದರ ಬಾಳಿಗೆ ಒಗ್ಗುವಂಥದ್ದಲ್ಲ. ನೋಡಬೇಕೆಂಬ ಆಸೆ ಇದ್ದರೆ ಒಂದು ಬೆಳಿಗ್ಗೆ ಅಳಿವೆಯ ನೀರಿನಲ್ಲೇ, ನೆರಳಿನಲ್ಲಿ, ಅಗಲ ಬಾಯಿಯ ಗಾಜಿನ ಪಾತ್ರೆಯಲ್ಲಿಟ್ಟು ನೋಡಿ, ಅದೇ ದಿನ ಹಿಡಿದ ಜಾಗದಲ್ಲೇ ಬಿಟ್ಟುಬಿಡಿ.

ಆದರೆ ಒಮ್ಮೆ ಮನೆಯ ತೊಟ್ಟಿಗೆ ಸೇರಿದ ಜೀವಿಯನ್ನಾಗಲಿ ಆ ನೀರನ್ನಾಗಲಿ ಮತ್ತೆ ಅಳಿವೆಗೆ ಸುರಿಯಬೇಡಿ, ಮಾರುಕಟ್ಟೆಯ ಹಸಿ ಸಿಗಡಿಯ ಚೂರನ್ನು ತೊಟ್ಟಿಗೆ ಆಹಾರವಾಗಿ ಹಾಕಲೂ ಬೇಡಿ. 1990ರ ದಶಕದ ನಡುವಿನಲ್ಲಿ ಭಾರತದ ಸಿಗಡಿ ಕೆರೆಗಳನ್ನು ಬರಿದು ಮಾಡಿದ ಬಿಳಿಚುಕ್ಕೆ ರೋಗದ ವೈರಾಣು ಹೀಗೆ ನೀರಿನಿಂದಲೂ ಸೋಂಕಿದ ಮಾಂಸದಿಂದಲೂ ಹರಡುವಂಥದ್ದು, ಏಡಿಗಳಿಗೂ ತಗಲುವಂಥದ್ದು. ಶೆಟ್ಲಿ, ಏಡಿಗಳನ್ನೇ ನಂಬಿ ಬದುಕುವ ಮನೆಗಳು ನಿಮ್ಮ ನೆರೆಯಲ್ಲಿವೆ.

ಪ್ರಶ್ನೆ: ನಮ್ಮ ಸಿಹಿನೀರಿನ ತೊಟ್ಟಿಯಲ್ಲಿರುವ ಅಮಾನೊ ಸಿಗಡಿಗಳು ಪದೇ ಪದೇ ಮೊಟ್ಟೆ ಹೊರುತ್ತವೆ, ಆದರೆ ಒಂದು ಮರಿಯೂ ಉಳಿದಿಲ್ಲ. ಮೀನುಗಳು ತಿನ್ನುತ್ತಿವೆಯೇ?
ಗೃಹಿಣಿ, ಬೆಂಗಳೂರು

ಉತ್ತರ: ಮೀನುಗಳು ಕೆಲವನ್ನು ತಿಂದಿರಬಹುದು, ಆದರೆ ಮೀನೇ ಇಲ್ಲದಿದ್ದರೂ ಮರಿಗಳು ಉಳಿಯುತ್ತಿರಲಿಲ್ಲ. ಪಾಚಿ ತಿನ್ನುವ ಈ ಸಿಗಡಿಯನ್ನು ಅಕ್ವೇರಿಯಂ ಲೋಕಕ್ಕೆ ಪರಿಚಯಿಸಿದವರು ಜಪಾನಿನ ತಕಾಶಿ ಅಮಾನೊ, ಹೆಸರೂ ಅವರಿಂದಲೇ ಬಂತು. ಅದರ ಸಹಜ ನೆಲೆಯಲ್ಲಿ ದೊಡ್ಡವು ಹೊಳೆಯಲ್ಲಿರುತ್ತವೆ, ಒಡೆದ ಮೊಟ್ಟೆಗಳಿಂದ ಬಂದ ಮರಿಹುಳುಗಳು ಹರಿವಿನೊಂದಿಗೆ ಕಡಲಿನತ್ತ ತೇಲಿಹೋಗಿ, ಉಪ್ಪುನೀರಿನಲ್ಲಿ ಬೆಳೆದು, ಸಿಗಡಿಯ ರೂಪ ಬಂದ ಮೇಲೆ ಹೊಳೆಗೆ ಹಿಂದಿರುಗುತ್ತವೆ. ಸಿಹಿನೀರಿನಲ್ಲೇ ಉಳಿದ ಮರಿಹುಳು ಕೆಲವು ದಿನಗಳಲ್ಲಿ ಸಾಯುತ್ತದೆ.

ಆದ್ದರಿಂದ ನಿಮಗೆ ಬೇಕಾದದ್ದು ಹತ್ತು ಲೀಟರಿನ ಇನ್ನೊಂದು ತೊಟ್ಟಿ. ಅದರಲ್ಲಿ ಅಕ್ವೇರಿಯಂ ಉಪ್ಪು ಬೆರೆಸಿದ ನೀರು ತುಂಬಿ, ಒಂದು ವಾರ ಮೊದಲೇ ಹಸಿರು ಸೂಕ್ಷ್ಮಪಾಚಿಯನ್ನು ಬೆಳೆಸಿರಬೇಕು, ಏಕೆಂದರೆ ಮರಿಗಳ ಆಹಾರ ಅದೊಂದೇ. ಲೀಟರಿಗೆ 17 ಗ್ರಾಂನಿಂದ ಸಮುದ್ರದಷ್ಟೇ ಉಪ್ಪಿನವರೆಗೂ ಸಾಕಣೆಗಾರರು ಬಳಸುತ್ತಾರೆ. ಮೊಟ್ಟೆ ಮಾಗಿದ ತಾಯಿಯನ್ನು ಸಿಹಿನೀರಿನ ಒಂದು ಬಟ್ಟಲಿನಲ್ಲಿ ಪ್ರತ್ಯೇಕವಾಗಿಡಿ. ರಾತ್ರಿ ಮೊಟ್ಟೆಯೊಡೆದ ಮೇಲೆ ಟಾರ್ಚ್ ಹಿಡಿದರೆ ಚುಕ್ಕೆಗಳಂಥ ಮರಿಗಳೆಲ್ಲ ಬೆಳಕಿನ ಕಡೆ ಬಂದು ಕೂಡುತ್ತವೆ, ಅವನ್ನು ಪಿಪೆಟ್ಟಿನಿಂದ ಎತ್ತಿ ಉಪ್ಪುನೀರಿಗೆ ಬಿಡಿ, ತಾಯಿಯನ್ನು ಅದರ ತೊಟ್ಟಿಗೆ ಮರಳಿಸಿ. ತಿಂಗಳು, ಕೆಲವೊಮ್ಮೆ ಅದಕ್ಕೂ ಹೆಚ್ಚು ಕಾಲದ ನಂತರ ಅವು ತಲೆಕೆಳಗಾಗಿ ತೇಲುವುದನ್ನು ಬಿಟ್ಟು ಗಾಜಿಗೆ ಅಂಟಿ ನಡೆಯತೊಡಗಿದಾಗ ಸಿಹಿನೀರಿಗೆ ನಿಧಾನವಾಗಿ ಹೊಂದಿಸಬೇಕು. ಸಾವಿರಕ್ಕೂ ಮೀರಿದ ಮೊಟ್ಟೆಗಳಲ್ಲಿ ಹತ್ತು ಮರಿ ಉಳಿದರೂ ಮೊದಲ ಪ್ರಯತ್ನಕ್ಕೆ ಅದು ಒಳ್ಳೆಯ ಫಲವೇ. ಫ್ರೀಮಾಂಟಿನ ಓದುಗರಿಗೆ ಹೇಳಿದ ಕೆಂಪು ಸಿಗಡಿಯದು ಇದಕ್ಕೆ ವಿರುದ್ಧ. ಅದರ ಮೊಟ್ಟೆಗಳು ಕೆಲವೇ, ಆದರೆ ಪ್ರತಿ ಮರಿಗೂ ಬುತ್ತಿ ಕಟ್ಟಿಕೊಟ್ಟಂತೆ ಅವುಗಳಲ್ಲಿ ಹಳದಿ ತುಂಬಿರುತ್ತದೆ.

ಬೆಂಗಳೂರಿನ ಮನೆಗಳಿಗೆ ಎರಡು ಎಚ್ಚರಿಕೆಗಳಿವೆ. ತಾಮ್ರದ ಬಿಂದಿಗೆಯಲ್ಲಿ ಇಟ್ಟ ನೀರು, ಹಿತ್ತಾಳೆಯ ಪಾತ್ರೆ, ತಾಮ್ರವಿರುವ ಮೀನಿನ ಔಷಧಿ ಇವು ಯಾವ ಸಿಗಡಿಗೂ ಆಗುವುದಿಲ್ಲ. ಸಿಗಡಿಯ ರಕ್ತದಲ್ಲೇ ಅತ್ಯಲ್ಪ ತಾಮ್ರವಿದೆ, ಆದರೆ ನೀರಿನಲ್ಲಿ ತಾಮ್ರ ಸ್ವಲ್ಪ ಹೆಚ್ಚಾದರೂ ಅದು ವಿಷವೇ. ಎರಡನೆಯದು ಸೊಳ್ಳೆ ಬತ್ತಿ ಮತ್ತು ಕರೆಂಟಿಗೆ ಸಿಕ್ಕಿಸುವ ಸೊಳ್ಳೆ ಔಷಧಿ. ಅವುಗಳಲ್ಲಿರುವ ಪೈರೆಥ್ರಾಯ್ಡ್‌ಗಳು ಕೀಟಗಳಷ್ಟೇ ಸಿಗಡಿಗಳಿಗೂ ಮಾರಕ. ಹಲವು ವರ್ಷಗಳ ಹಿಂದೆ ನಮ್ಮ ಮನೆಗೆ ನೆಂಟರು ಬಂದಿದ್ದ ರಾತ್ರಿ, ತೊಟ್ಟಿಯ ಪಕ್ಕದ ಸ್ವಿಚ್ಚಿಗೆ ಅಂಥದ್ದೊಂದನ್ನು ಹಾಕಿ ಮಲಗಿದ್ದೆವು. ಬೆಳಿಗ್ಗೆ ಎದ್ದು ನೋಡಿದಾಗ ನಲವತ್ತರಷ್ಟು ಸಿಗಡಿಗಳಲ್ಲಿ ಮೂರು ಮಾತ್ರ ಕಾಲಾಡಿಸುತ್ತಿದ್ದವು, ಸಂಜೆಯ ಹೊತ್ತಿಗೆ ಅವೂ ಹೋದವು. ಅಂದಿನಿಂದ ತೊಟ್ಟಿ ಇರುವ ಕೋಣೆಗೆ ಕಿಟಕಿ ಜಾಲರಿಯನ್ನಷ್ಟೇ ನಂಬಿದ್ದೇವೆ.

ಪ್ರಶ್ನೆ: ವಿದೇಶದಿಂದ ಬಂದ ಬಂಧುವೊಬ್ಬರು ಪೂರ್ತಿ ಮುಚ್ಚಿದ ಗಾಜಿನ ಗೋಳವೊಂದನ್ನು ಉಡುಗೊರೆ ಕೊಟ್ಟಿದ್ದಾರೆ. ಒಳಗೆ ಪಾಚಿ, ನೀರು, ನಾಲ್ಕು ಕೆಂಪು ಸಿಗಡಿಗಳಿವೆ. ಎರಡು ವರ್ಷವಾಯಿತು, ಈಗ ಎರಡೇ ಉಳಿದಿವೆ ಮತ್ತು ಮೊದಲಿಗಿಂತ ಚಿಕ್ಕವಾದಂತೆ ಕಾಣುತ್ತವೆ. ಏನು ಮಾಡಲಿ?
ನಿವೃತ್ತ ಶಿಕ್ಷಕರು, ಮೈಸೂರು

ಉತ್ತರ: ನಿಮ್ಮ ಕಣ್ಣು ಸರಿಯಾಗಿಯೇ ಕಂಡಿದೆ. ಹೊಟ್ಟೆಗೆ ಸಾಲದಾದಾಗ ಸಿಗಡಿ ಪ್ರತಿ ಸಲ ಕವಚ ಕಳಚುವಾಗಲೂ ಹಿಂದಿನದಕ್ಕಿಂತ ಚಿಕ್ಕದಾದ ಕವಚವನ್ನು ಕಟ್ಟಿಕೊಳ್ಳಬಲ್ಲದು. ಮುಚ್ಚಿದ ಗೋಳದಲ್ಲಿ ಅವು ಬಾಳುತ್ತಿಲ್ಲ, ನಿಧಾನವಾಗಿ ಹಸಿಯುತ್ತಿವೆ ಎಂದೇ ನನ್ನ ಅಭಿಪ್ರಾಯ.

ಮೇಲೆ ಮೊದಲ ಉತ್ತರದಲ್ಲಿ ಹೇಳಿದಂತೆ ಹತ್ತು ಲೀಟರಿನ ತೊಟ್ಟಿಯೊಂದನ್ನು ಈಗಲೇ ಸಿದ್ಧಪಡಿಸಲು ಶುರುಮಾಡಿ. ಕಲ್ಲುಗಳ ಮೇಲೆ ಪಾಚಿಯ ಪೊರೆ ಬಂದು, ಪರೀಕ್ಷೆಯಲ್ಲಿ ನೀರು ಸರಿಯಿದೆ ಎಂದಾಗುವವರೆಗೆ ಗೋಳವನ್ನು ಬಿಸಿಲಿನಿಂದ ದೂರ, ತಂಪಾದ ಬೆಳಕಿರುವ ಜಾಗದಲ್ಲಿಡಿ. ಗೋಳದ ತಳದಲ್ಲಿ ರಬ್ಬರಿನ ಅಥವಾ ಸಿಲಿಕೋನಿನ ಬಿರಡೆ ಇದ್ದರೆ ಅದನ್ನು ಮೇಲಕ್ಕೆ ಬರುವಂತೆ ತಿರುಗಿಸಿ, ಚೂಪಾದ ಬ್ಲೇಡಿನಿಂದ ಅಂಚನ್ನು ಬಿಡಿಸಿ ತೆಗೆಯಿರಿ. ಬಿರಡೆಯೇ ಇಲ್ಲದಿದ್ದರೆ ಮನೆಯಲ್ಲಿ ಒಡೆಯಲು ಹೋಗದೆ ಗಾಜು ಕತ್ತರಿಸುವವರ ಬಳಿ ಒಯ್ಯಿರಿ. ತೆರೆದ ಮೇಲೆ ಒಳಗಿನ ನೀರಿನ ಉಪ್ಪನ್ನು ಮೊದಲು ಅಳೆದುಕೊಂಡು, ನೀರು, ಪಾಚಿ, ಸಿಗಡಿ ಎಲ್ಲವನ್ನೂ ಬಟ್ಟಲಿಗೆ ಸುರಿದು, ಹೊಸ ನೀರನ್ನು ಎರಡು ಗಂಟೆಯಲ್ಲ, ಅರ್ಧ ದಿನದಷ್ಟು ನಿಧಾನವಾಗಿ ಹನಿಸಿ. ಇಷ್ಟು ಬಳಲಿದ ಜೀವಗಳಿಗೆ ಅವಸರ ತಡೆಯುವುದಿಲ್ಲ. ತೊಟ್ಟಿಗೆ ಬಿಟ್ಟ ಮೇಲೆ ಮೊದಲ ವಾರ ದೀಪವನ್ನು ಮಂದವಾಗಿಡಿ. ಅವು ಕಲ್ಲಿನ ಅಡಿಯಿಂದ ಹೊರಬಂದು ಪೊರೆಯನ್ನು ಗುಡಿಸಲು ತೊಡಗಿದ ದಿನ ನನಗೆ ಒಂದು ಸಾಲು ಬರೆದು ತಿಳಿಸಿ.